ಮೊಸರು, ತುಪ್ಪ ಬಿಟ್ಟ ಮಗಳಿಗೆ ನಮ್ಮ ಮನೆ ಅಡುಗೆ

ಎಲ್ಲರಿಗೂ ನಮಸ್ಕಾರ. ಮಗ ವೀಗನ್ ಆಗಿದ್ದಾನೆ, ಅಂದರೆ ಪ್ರಾಣಿಗಳಿಂದ ಬರುವ ಏನನ್ನೂ ತಿನ್ನುವುದಿಲ್ಲ, ಇನ್ನು ನಮ್ಮ ಅಡುಗೆಯನ್ನು ಅವನಿಗೆ ಹೇಗೆ ಮಾಡಿಕೊಡಲಿ ಎಂದು ಇಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲೂ ಇದೇ ಕಥೆ. ಮಗಳು ಹೈಸ್ಕೂಲಿಗೆ ಬಂದ ಮೇಲೆ ಹಾಲು, ಮೊಸರು, ತುಪ್ಪ, ಜೇನು ಎಲ್ಲ ಬಿಟ್ಟಳು. ನಾವಿರುವ ಬ್ರಿಟನ್ನಿನಲ್ಲಿ ಇದೇನು ಹೊಸದಲ್ಲ. ವೀಗನ್ ಎಂಬ ಹೆಸರೂ ವೀಗನ್ ಸೊಸೈಟಿಯೂ 1944ರಲ್ಲಿ ಹುಟ್ಟಿದ್ದು ಇಲ್ಲೇ. ಊರಿನಲ್ಲಿರುವ ನಮ್ಮ ಅಮ್ಮನಿಗೆ ಮಾತ್ರ ಇದು ಅರ್ಥವಾಗಲಿಲ್ಲ. "ಮಾಂಸ ಬೇಡ ಅಂದ್ರೆ ಸರಿ, ಮೊಸರು ಏನು ಪಾಪ ಮಾಡಿತ್ತು?" ಎಂದು ಈಗಲೂ ಫೋನಿನಲ್ಲಿ ಕೇಳುತ್ತಾರೆ.

ನಾನು ಹೇಳುವುದಿಷ್ಟೇ. ಅಂಗಡಿಗೆ ಓಡಿ ವೀಗನ್ ಚೀಸು, ವೀಗನ್ ತುಪ್ಪ ಎಂದು ದುಡ್ಡು ಸುರಿಯುವ ಮೊದಲು, ವಾರವಿಡೀ ನಾವು ತಿನ್ನುವುದರಲ್ಲಿ ಹಾಲಿನ ಅಂಶ ಎಲ್ಲೆಲ್ಲಿದೆ ಎಂದು ನೋಡಿ. ಹುಳಿ, ಸಾರು, ಪಲ್ಯ, ಗೊಜ್ಜು, ಎಣ್ಣೆಗಾಯಿ, ಅಕ್ಕಿ ರೊಟ್ಟಿ, ಮುದ್ದೆ, ನೀರು ದೋಸೆ, ಚಿತ್ರಾನ್ನ, ಪುಳಿಯೋಗರೆ, ಕೋಸಂಬರಿ. ಯಾವುದಕ್ಕೂ ಹಾಲು ಬೇಕಿಲ್ಲ. ತುಪ್ಪ ಬೀಳುವುದು ಒಗ್ಗರಣೆಗೆ, ಇಲ್ಲವೇ ಬಡಿಸುವಾಗ. ಹಾಗಾಗಿ ನಾವು ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಹಾಕುತ್ತೇವೆ. ತುಪ್ಪದ ಡಬ್ಬಿ ಊಟದ ಮೇಜಿನ ಮೇಲೆ ಇರುತ್ತದೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಬಿಸಿಬೇಳೆ ಭಾತಿಗೂ ಇದೇ ಕ್ರಮ. ಕೊಬ್ಬರಿ, ಮರಾಠಿ ಮೊಗ್ಗು ಚೆನ್ನಾಗಿ ಹುರಿದು ಪುಡಿ ಮಾಡಿದರೆ ಘಮಕ್ಕೇನೂ ಕೊರತೆಯಿಲ್ಲ. ಮಗುವಿಗೆಂದು ಬೇರೆ ಪಾತ್ರೆ ಇಟ್ಟು ಬೇರೆ ಅಡುಗೆ ಮಾಡಬೇಡಿ. ಅಡುಗೆ ಮಾಡುವವರಿಗೂ ಬೇಸರ, ಮಗುವಿಗೂ ತಾನು ಪಂಕ್ತಿಯಿಂದ ಹೊರಗೆ ಅನ್ನಿಸುತ್ತದೆ.

ನಿಜವಾದ ಕಷ್ಟ ಮೊಸರಿನದು. ಮೊಸರನ್ನ ಇಲ್ಲದೆ ಊಟ ಮುಗಿಯುವುದೇ ಇಲ್ಲವಲ್ಲ ನಮಗೆ. ಅದಕ್ಕೆ ಕಡಲೆಕಾಯಿ ಬೀಜದ ಮೊಸರು ಮಾಡುತ್ತೇನೆ. ಹಸಿ ಬೀಜ ಒಂದು ಲೋಟ, ರಾತ್ರಿಯಿಡೀ ನೆನೆಸಿ ಸಿಪ್ಪೆ ತೆಗೆಯಿರಿ. ಮೂರು ಲೋಟ ನೀರು ಹಾಕುತ್ತಾ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಹಿಂಡಿ ಉಳಿದದ್ದನ್ನು ಎಸೆಯಬೇಡಿ, ರೊಟ್ಟಿ ಹಿಟ್ಟಿಗೆ ಸೇರಿಸಿ. ಹಾಲನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕುತ್ತಾ ಕುದಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಿದ ಮೇಲೆ ಹಸಿಮೆಣಸಿನಕಾಯಿ ತೊಟ್ಟು ಹತ್ತು ಹನ್ನೆರಡು ಮುಳುಗಿಸಿಡಿ. ತೊಟ್ಟಿನಲ್ಲಿರುವ ಬ್ಯಾಕ್ಟೀರಿಯಾದಿಂದಲೇ ಹೆಪ್ಪಾಗುತ್ತದೆ. ಮನೆಯಲ್ಲಿ ಹೆಪ್ಪು ಇಲ್ಲದಾಗ ಅಜ್ಜಿಯರು ಹಸುವಿನ ಹಾಲಿಗೂ ಇದನ್ನೇ ಮಾಡುತ್ತಿದ್ದರು, ನೆನಪಿದೆಯಾ?

ಇಲ್ಲಿಯ ಚಳಿಗೆ ಅಡುಗೆ ಕಟ್ಟೆಯ ಮೇಲಿಟ್ಟರೆ ಅದು ಹೆಪ್ಪಾಗುವುದಿಲ್ಲ. ಓವನ್ ಹಚ್ಚದೆ, ಬರೀ ಅದರ ಲೈಟ್ ಹಾಕಿ ಒಳಗಿಡಿ. ಮೊದಲ ಸಲದ ಮೊಸರು ಸ್ವಲ್ಪ ಸಪ್ಪೆ, ವಾಸನೆಯೂ ಒಂಥರಾ. ಅದರಲ್ಲಿ ಒಂದು ಚಮಚ ತೆಗೆದು ಮುಂದಿನ ಸಲಕ್ಕೆ ಹೆಪ್ಪು ಹಾಕಿ. ಎರಡು ಮೂರು ಸುತ್ತು ಹೀಗೆ ಹೋದರೆ ರುಚಿ ಕುದುರುತ್ತದೆ. ಆದರೂ ಕಡಲೆಕಾಯಿ ವಾಸನೆ ಪೂರ್ತಿ ಹೋಗುವುದಿಲ್ಲ. ಸುಳ್ಳು ಯಾಕೆ ಹೇಳಲಿ? ಮೊಸರನ್ನಕ್ಕೆ ಶುಂಠಿ, ಇಂಗು, ಕರಿಬೇವು ಜಾಸ್ತಿ ಹಾಕಿ ಅದನ್ನು ಮುಚ್ಚುತ್ತೇನೆ.

ಸ್ಕೂಲ್ ಡಬ್ಬಿಗೆ ಮಾತ್ರ ಈ ಮೊಸರು ನಡೆಯುವುದಿಲ್ಲ. ಇಲ್ಲಿಯ ಬಹಳಷ್ಟು ಶಾಲೆಗಳು ಅಲರ್ಜಿಯ ಕಾರಣಕ್ಕೆ ಕಡಲೆಕಾಯಿ, ಗೋಡಂಬಿ ತರಬೇಡಿ ಎನ್ನುತ್ತವೆ. ಪುಳಿಯೋಗರೆ ಕಳಿಸುವವರೂ ಇದನ್ನು ಮರೆಯುತ್ತಾರೆ. ಅದರಲ್ಲಿ ಕಡಲೆಕಾಯಿ ಜೊತೆಗೆ ಎಳ್ಳು ಬೇರೆ, ಅದೂ ಇಲ್ಲಿಯ ಅಲರ್ಜಿ ಪಟ್ಟಿಯಲ್ಲಿದೆ. ಡಬ್ಬಿಗೆ ಸೋಯಾ ಹಾಲಿನ ಮೊಸರು ಕಳಿಸುತ್ತೇನೆ. ಸೋಯಾದಲ್ಲಿ ಪ್ರೋಟೀನ್ ಚೆನ್ನಾಗಿರುವುದರಿಂದ ಗಟ್ಟಿಯಾಗಿ ಹೆಪ್ಪಾಗುತ್ತದೆ. ಆದರೆ ಸೋಯಾ ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ, ಶಾಲೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಮಜ್ಜಿಗೆ ಹುಳಿಗೆ ಈ ಯಾವ ಮೊಸರನ್ನೂ ಕುದಿಸಬೇಡಿ, ಒಡೆಯುತ್ತದೆ. ನೆನೆಸಿದ ಕಡಲೆಬೇಳೆ, ಕಾಯಿ ರುಬ್ಬಿ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಮೊಸರು ಬೆರೆಸಿ. ತಂಬುಳಿಗೆ ನಾನು ಮೊಸರನ್ನೇ ಬಿಟ್ಟೆ. ಕಾಯಿ, ಜೀರಿಗೆ, ಮೆಣಸು ರುಬ್ಬಿ, ಹುಳಿಗೆ ಪುನರ್ಪುಳಿ ನೆನೆಸಿದ ನೀರು. ಮಲೆನಾಡಿನವರು ಬೈಯಬಹುದು, ತಿಂದು ನೋಡಿ ಬೈಯಿರಿ!

ಸಿಹಿಯಲ್ಲಿ ನಮಗೆ ಕಾಯಿಹಾಲೇ ಸಾಕು. ಗಸಗಸೆ ಪಾಯಸ, ಹಾಲುಬಾಯಿ, ಒತ್ತು ಶ್ಯಾವಿಗೆ ಜೊತೆ ಬೆಲ್ಲದ ಕಾಯಿಹಾಲು. ಹೋಳಿಗೆಗೂ ತುಪ್ಪದ ಬದಲು ಕಾಯಿಹಾಲು ಹಾಕಿಕೊಳ್ಳುವ ಮನೆಗಳು ಮೊದಲಿನಿಂದಲೂ ಇವೆ. ಮೈಸೂರು ಪಾಕ್ ಮಾತ್ರ ನನ್ನ ಕೈಲಿ ಆಗದು. ವಾಸನೆಯಿಲ್ಲದ ರಿಫೈನ್ಡ್ ಕೊಬ್ಬರಿ ಎಣ್ಣೆಯಲ್ಲಿ ಆಕಾರವೇನೋ ಬರುತ್ತದೆ. ಆ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಇಲ್ಲಿಯ ಚಳಿಗಾಲದಲ್ಲಿ ಪಾಕ್ ಇಟ್ಟಿಗೆಯಂತಾಗುತ್ತದೆ. ತುಪ್ಪದ ಘಮವೇ ಇಲ್ಲದ ಮೇಲೆ ಅದನ್ನು ಯಾಕೆ ಮಾಡಬೇಕು? ಕೊಬ್ಬರಿ ಮಿಠಾಯಿ ಮಾಡಿ, ಎಲ್ಲರೂ ತಿನ್ನುತ್ತಾರೆ.

ಕಾಫಿ ಬಗ್ಗೆ ಒಂದೇ ಮಾತು. ಡಿಕಾಕ್ಷನ್ನಿಗೆ ಸೋಯಾ ಹಾಲು ಒಡೆಯುತ್ತದೆ, ಬರಿಸ್ತಾ ಎಂದು ಬರೆದಿರುವ ಓಟ್ ಹಾಲು ತನ್ನಿ.

ಈಗ ಅಡುಗೆಗಿಂತ ಮುಖ್ಯವಾದದ್ದು. ನಮ್ಮದು ಸಸ್ಯಾಹಾರ, ಏನೂ ಆಗಲ್ಲ ಎಂದು ಸುಮ್ನೆ ಇರಬೇಡಿ. ಊರಿನ ಸಸ್ಯಾಹಾರದಲ್ಲಿ ಬಿ12 ವಿಟಮಿನ್ ಬರುತ್ತಿದ್ದದ್ದೇ ಹಾಲು ಮೊಸರಿನಿಂದ. ಅದನ್ನು ಬಿಟ್ಟರೆ ಮಾತ್ರೆ ಬೇಕು, ಇಲ್ಲವೇ ಬಿ12 ಸೇರಿಸಿದ ಆಹಾರ ದಿನವೂ ಬೇಕು. ಕ್ಯಾಲ್ಸಿಯಂಗೆ ರಾಗಿ ಒಳ್ಳೆಯದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಅಯೋಡಿನ್ ವಿಷಯ ಯಾರಿಗೂ ಹೊಳೆಯುವುದಿಲ್ಲ. ಊರಿನಲ್ಲಿ ಉಪ್ಪಿನಲ್ಲೇ ಇರುತ್ತದೆ. ಇಲ್ಲಿ ಮಾಮೂಲಿ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಮಕ್ಕಳಿಗೆ ಹೆಚ್ಚಾಗಿ ಸಿಗುವುದು ಹಸುವಿನ ಹಾಲಿನಿಂದ. ಆದ್ದರಿಂದ ಓಟ್ ಅಥವಾ ಸೋಯಾ ಹಾಲು ಕೊಳ್ಳುವಾಗ ಕ್ಯಾಲ್ಸಿಯಂ, ಬಿ12, ಅಯೋಡಿನ್ ಮೂರೂ ಸೇರಿಸಿದ್ದಾರಾ ಎಂದು ಲೇಬಲ್ ಓದಿ. ಆರ್ಗಾನಿಕ್ ಎಂದಿರುವುದರಲ್ಲಿ ಅನೇಕ ಸಲ ಇವು ಇರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಹಾಲು ಕೊಡಬೇಡಿ, ಅದರಲ್ಲಿರುವ ಆರ್ಸೆನಿಕ್ ಕಾರಣಕ್ಕೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಬೇಡ ಎನ್ನುತ್ತದೆ. ಚಿಕ್ಕ ಮಕ್ಕಳಾದರೆ ಡಾಕ್ಟರ ಹತ್ತಿರ ಮಾತಾಡಿಯೇ ಮುಂದುವರಿಯಿರಿ.

ಇನ್ನೊಂದು ವಿನಂತಿ, ನಮ್ಮ ಕೂಟದ ರಾಜ್ಯೋತ್ಸವದ ಊಟಕ್ಕೆ ಅಡುಗೆ ತರುವವರಿಗೆ. ಹಾಲು, ತುಪ್ಪ, ಮೊಸರು ಬಿದ್ದಿದೆಯಾ ಎಂದು ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಸಿ. ಕಡಲೆಕಾಯಿ, ಎಳ್ಳು ಇದ್ದರೆ ಅದನ್ನೂ ಬರೆಯಿರಿ. ಹೋದ ವರ್ಷ ಮಕ್ಕಳು ಪ್ರತಿ ಪಾತ್ರೆಯ ಮುಂದೆ ನಿಂತು ಆಂಟಿಯರನ್ನು ಕೇಳುತ್ತಾ ಸಾಲು ಬಾಗಿಲಾಚೆಗೆ ಹೋಗಿತ್ತು.