ಸಹಾಯ ಬೇಕು: ಗೆಳೆಯನನ್ನು ಕಳೆದುಕೊಂಡ ಮಕ್ಕಳ ಜೊತೆ ಹೇಗೆ ಮಾತಾಡಲಿ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಈಚೆಗೆ ನಮ್ಮ ಹತ್ತನೇ ಕ್ಲಾಸಿನ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಒಂದು ದಿನ ರಜೆ ಕೊಟ್ಟರು, ಪ್ರಾರ್ಥನೆಯಲ್ಲಿ ಮೌನಾಚರಣೆ ಆಯಿತು, ಮಾರನೇ ದಿನದಿಂದ ಪೋರ್ಷನ್ ಮುಗಿಸುವ ಗಡಿಬಿಡಿ. ಹಾಜರಿ ಕೂಗುವಾಗ ಅವನ ನಂಬರ್ ದಾಟಿದರೆ, ಮುಂದಿನ ಹುಡುಗ "ಪ್ರೆಸೆಂಟ್ ಸರ್" ಅನ್ನುವುದಕ್ಕೂ ತಡವರಿಸುತ್ತಾನೆ.

ಸ್ಟಾಫ್ ರೂಮಿನಲ್ಲಿ ಕೆಲವರು "ಆ ವಿಷಯ ಎತ್ತಲೇಬೇಡಿ, ಇಲ್ಲದ ಯೋಚನೆ ಮಕ್ಕಳ ತಲೆಗೆ ಬರುತ್ತೆ" ಅನ್ನುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಮನೋವೈದ್ಯರೂ ಇದನ್ನೇ ಹೇಳುತ್ತಾರೆ. ನಾವು ಬಾಯಿ ಮುಚ್ಚಿಕೊಂಡರೂ ಮಕ್ಕಳ ವಾಟ್ಸಾಪಿನಲ್ಲಿ ಹೇಗೆ ಸತ್ತ, ಯಾರಿಂದ ಸತ್ತ ಅಂತ ಬಾಯಿಗೆ ಬಂದದ್ದೆಲ್ಲ ಓಡಾಡುತ್ತಿದೆ, ಅವನ ತಂಗಿ ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ ಅನ್ನುವುದನ್ನೂ ಮರೆತು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಅಷ್ಟೇ ಸಾಲದು ಅಲ್ವಾ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಶಾಲೆಗೆ ಕರೆಸಿದವರು ಯಾರಾದರೂ ಇದ್ದೀರಾ? ಅರ್ಜಿ ಯಾರಿಗೆ ಕೊಡಬೇಕು? ಅವನ ಆಪ್ತ ಗೆಳೆಯರನ್ನು ಬೇರೆಯಾಗಿ ಕೂರಿಸಿ ಮಾತಾಡಬೇಕಾ, ಇಡೀ ಕ್ಲಾಸಿನ ಜೊತೆಗಾ? ಇಂಥದ್ದನ್ನು ಕಂಡಿರುವ ಮೇಷ್ಟ್ರುಗಳು, ಕೌನ್ಸೆಲರ್‌ಗಳು ದಯವಿಟ್ಟು ತಿಳಿಸಿ. ಸೋಮವಾರ ಪೋಷಕರ ಸಭೆ ಇದೆ, ಅಷ್ಟರೊಳಗೆ ಸಿಕ್ಕರೆ ತುಂಬಾ ಉಪಕಾರ.