ಸಮಸ್ಯಾಪೂರಣ: ಒಂದನೊಂದೇ ಗುಣಿಸೆ ಬೆಟ್ಟವೆ ಮೂಡಿ ನಿಂತಿತಲಾ

ಸಂಚಾಲಕಿ, ಮಲ್ಲೇಶ್ವರ
ಮೇಲಿನದು ಭಾಮಿನಿ ಷಟ್ಪದಿಯ ಕೊನೆಯ ಸಾಲು. ಒಂದನ್ನು ಒಂದರಿಂದ ಗುಣಿಸಿದರೆ ಒಂದೇ ಬರಬೇಕು. ಬೆಟ್ಟ ಎಲ್ಲಿಂದ ಬಂತು? ಮೊದಲ ಐದು ಸಾಲುಗಳು ಅದನ್ನು ಹೇಳಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರವಾದ ಪ್ರಾಸಾಕ್ಷರ 'ದ', ಅದರ ಹಿಂದೆ ಅನುಸ್ವಾರ ಇರಲೇಬೇಕು. ಬರೀ ಉಪಮೆಯಲ್ಲಿ ತೇಲಿಸಬೇಡಿ, ಲೆಕ್ಕವೂ ಕೂಡಿಬರಲಿ.

ಬಸವನಗುಡಿಯ ಓದುಗ
ಮೊದಲ ಸಾಲು ಹೀಗೆ ಬಂದಿದೆ: "ಬೆಂಗಳೂರಿನ ಹೊರಗೆ ನಂದಿಯ". ಮುಂದುವರಿಸಲೇ?

ಸಂಚಾಲಕಿ
ಮೂರು, ನಾಲ್ಕು, ಮೂರು, ನಾಲ್ಕು, ಮಾತ್ರೆ ಸರಿಯಾಗಿದೆ. ಪ್ರಾಸ ಮಾತ್ರ 'ಗ' ಆಗಿಬಿಟ್ಟಿತು. ಸಾಲಿನ ಕೊನೆಯಲ್ಲಿರುವ ನಂದಿಯನ್ನೇ ಮುಂದಕ್ಕೆ ತನ್ನಿ.

ಬಸವನಗುಡಿಯ ಓದುಗ
ತಂದಿದ್ದೇನೆ.

ನಂದಿಬೆಟ್ಟದ ತೆರದೊಳಾರಕೆ
ಸಂದು ಮತ್ತೊಂದಕ್ಕೆ ಬರುವುದು
ಹಿಂದಿನಿಂದೋದಿದರು ಸಂಖ್ಯೆಯ ರೂಪ ಕೆಡದಿಹುದು
ಒಂದುಗಳನಾರಿಟ್ಟು ಸಾಲಲಿ
ತಂದು ಸಾಲಿಗೆ ಸಾಲ ಜೋಡಿಸಿ
ಒಂದನೊಂದೇ ಗುಣಿಸೆ ಬೆಟ್ಟವೆ ಮೂಡಿ ನಿಂತಿತಲಾ

ಹಾಲಿನ ಲೆಕ್ಕದ ಚೀಟಿಯ ಬೆನ್ನ ಮೇಲೆ 111111 ಅನ್ನು ಅದರಿಂದಲೇ ಗುಣಿಸಿದೆ. ಆರು ಸಾಲುಗಳು, ಒಂದೊಂದೂ ಒಂದು ಮನೆ ಎಡಕ್ಕೆ ಸರಿದು ನಿಂತವು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು; ಹೀಗೆ ನಡುಗಂಬದಲ್ಲಿ ಆರು ಒಂದುಗಳು ಸೇರಿದವು. ಆಮೇಲೆ ಇಳಿತ. ಬಂದದ್ದು 12345654321. ಚೀಟಿಯ ಮೇಲೆ ಕೂಡುವ ಮೊದಲೇ ಬೆಟ್ಟದ ಮೆಟ್ಟಿಲು ಕಾಣುತ್ತಿತ್ತು! ಅಂಕಿಗಳನ್ನೆಲ್ಲ ಕೂಡಿದರೆ 36, ಅದೂ ಆರರ ವರ್ಗವೇ.

ಜಯನಗರದ ಗಣಿತ ಮೇಷ್ಟರು
ತುಂಬ ಚೆನ್ನಾಗಿದೆ. ಆದರೆ ಬೆಟ್ಟ ಎಷ್ಟು ಎತ್ತರ ಬೆಳೆದೀತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ನನ್ನ ಪೂರಣ:

ಕುಂದದೊಂಬತ್ತರಲಿ ಶಿಖರವು
ನಿಂದು, ಹತ್ತಕೆ ಮುರಿಯಿತಯ್ಯೋ
ಬಂದ ದಶಕವು ನೆರೆಯ ಮನೆಯನು ಹೊಕ್ಕಿತದರಿಂದ
ಮುಂದೆ ಹೋಗದೆ ಮೇರೆಯೊಳಗೇ
ಸಂದ ಸಾಲನೆ ಹಿಡಿದು ನೋಡಿದೆ
ಒಂದನೊಂದೇ ಗುಣಿಸೆ ಬೆಟ್ಟವೆ ಮೂಡಿ ನಿಂತಿತಲಾ

ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳದ್ದು 1234567900987654321. ನಡುಗಂಬದ ಹತ್ತು ಸೊನ್ನೆಯನ್ನು ಉಳಿಸಿ, ದಶಕವನ್ನು ಎಡಕ್ಕೆ ಕೊಟ್ಟಿತು. ಅಲ್ಲಿದ್ದ ಒಂಬತ್ತೂ ಹತ್ತಾಗಿ, ಅದರ ದಶಕ ಎಂಟನ್ನು ಒಂಬತ್ತು ಮಾಡಿತು. ಏರುವ ದಾರಿಯಲ್ಲಿ ಈಗ ಎಂಟೇ ಇಲ್ಲ, ನೋಡಿ.

ಬಸವನಗುಡಿಯ ಓದುಗ
'ದಶಕವು ನೆರೆಯ ಮನೆಯನು ಹೊಕ್ಕಿತು' ಎಂಬಲ್ಲಿ ಕೈ ಮುಗಿದೆ, ಮೇಷ್ಟರೇ.

ಸಂಚಾಲಕಿ
ನಾನೂ. ಈ ಸಮಸ್ಯೆ ಹೊಳೆದದ್ದು ಎಲ್ಲಿಂದ ಎಂದು ಈಗ ಹೇಳಬಹುದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇದೇ ಸಂಖ್ಯೆಯನ್ನು ಒಂದರಿಂದ ಆರಕ್ಕೇರಿ ಕ್ರಮವಾಗಿ ಇಳಿಯುವುದೆಂದು ಬಣ್ಣಿಸಿದ್ದಾನೆ. ಆತ ಬಂದ ದಾರಿ ಬೇರೆ: 27994681 × 441. ಬಿಡಿಸಿ ನೋಡಿದರೆ 441 ಎಂಬುದು 21ರ ವರ್ಗ, ಇನ್ನೊಂದು 5291ರ ವರ್ಗ. 21ನ್ನು 5291ರಿಂದ ಗುಣಿಸಿ, ನಿಮ್ಮ ಆರು ಒಂದುಗಳೇ ಸಾಲಾಗಿ ಬಂದು ನಿಲ್ಲುತ್ತವೆ! ಬೆಟ್ಟದ ಬುಡದಲ್ಲಿರುವ ಅವಿಭಾಜ್ಯಗಳು 3, 7, 11, 13, 37. ಒಂದೊಂದೂ ಎರಡೆರಡು ಸಲ. ಅಂಕಿಗಳು ಹೀಗೆ ಹೊಂದಿಕೊಂಡು ಬರುವ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಪೂರಣ ಮಾಡುವವರಿಗೆ ಆ ಮನಸ್ಸು ಬೇಗ ಅರ್ಥವಾಗುತ್ತದೆ.

ಮುಂದಿನ ವಾರದ ಸಾಲೂ ಆತನ ಇನ್ನೊಂದು ಹಾರದಿಂದಲೇ. ಪ್ರಾಸ 'ಳ', ಸುಳಿವು 142857143:

ಏಳು ಗುಣಿಸಲು ನಡುವೆಯೆಲ್ಲಾ ಸೊನ್ನೆಯಾಯಿತಲಾ