ಬಂಡೀಪುರದ ಕಾಡಿನ ನಿರ್ವಹಣೆಯನ್ನು ಮಕ್ಕಳಿಗೆ ಕೈಯಾರೆ ತಿಳಿಸುವುದು ಹೇಗೆ?

ಪ್ರಶ್ನೆ:
ಬಂಡೀಪುರಕ್ಕೆ ಬರುವ ಹೆಚ್ಚಿನವರು ಹುಲಿ ಕಂಡಿತೇ ಇಲ್ಲವೇ ಎಂಬುದನ್ನಷ್ಟೇ ಮಾತಾಡುತ್ತ ಹಿಂದಿರುಗುತ್ತಾರೆ. ಬೇಸಿಗೆಗೆ ಮುನ್ನ ಕಿಚ್ಚು ಹಬ್ಬದಂತೆ ಗಿಡಗಂಟಿ ಸವರಿ ಬೆಂಕಿ ರೇಖೆ ತೆಗೆಯುವವರ, ಕಾಡನ್ನು ಆವರಿಸುವ ಹೊರನಾಡಿನ ಪೊದೆಯಾದ ಲಂಟಾನವನ್ನು ಕೀಳುವವರ ದುಡಿಮೆಯನ್ನು ಮಕ್ಕಳು ಮುಟ್ಟಿ, ಮಾಡಿ ಅರಿಯುವಂಥ ಮಾದರಿಗಳನ್ನು ನಮ್ಮ ಶಾಲೆಯಿಂದ ಸಿದ್ಧಪಡಿಸಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸುವುದು ಸೂಕ್ತ?

ಉತ್ತರ 1:
ಬೆಂಕಿಯಿಂದಲೇ ಆರಂಭಿಸಿ, 2019ರ ಫೆಬ್ರವರಿಯ ಕಾಳ್ಗಿಚ್ಚನ್ನು ಜನ ಇನ್ನೂ ಮರೆತಿಲ್ಲ. ಮೇಜಿನಷ್ಟು ಅಗಲದ ಕಾಡಿನ ಮಾದರಿಯಲ್ಲಿ ಹಿಡಿಕೆ ತಿರುಗಿಸಿದಂತೆ ಗಾಳಿಯ ದಿಕ್ಕು ಬದಲಾಗಿ, ಕೆಂಪು ದೀಪಗಳು ಒಂದರ ಪಕ್ಕ ಒಂದು ಹೊತ್ತಿಕೊಳ್ಳುತ್ತ ಸಾಗಲಿ. ಮಗು ಬೆಂಕಿ ರೇಖೆಯನ್ನು ಸೂಚಿಸುವ ಮರದ ಪಟ್ಟಿಯನ್ನು ತಕ್ಕ ಜಾಗದಲ್ಲಿ ಇಟ್ಟಾಗ ಮಾತ್ರ ಅವು ನಿಲ್ಲಲಿ. ಪಟ್ಟಿ ತಡವಾಗಿ ಇಟ್ಟರೆ ಕಾಡು ಉರಿದುಹೋಗುವುದನ್ನೂ ಮಗು ನೋಡಬೇಕು. ಈ ಕಹಿಯನ್ನು ದಯವಿಟ್ಟು ಮರೆಮಾಚಬೇಡಿ.

ಉತ್ತರ 2:
ಲಂಟಾನಕ್ಕೆ ಎರಡು ಕುಂಡ ಸಾಕು. ಒಂದರಲ್ಲಿ ಗಿಡವನ್ನು ಮೇಲಷ್ಟೇ ಕತ್ತರಿಸಿ, ಇನ್ನೊಂದರಲ್ಲಿ ಮಣ್ಣಿನೊಳಗೆ ಬೇರನ್ನು ಕಡಿದು ಬುಡಮೇಲಾಗಿ ಇಡಿ. ಮೊದಲನೆಯದು ಕೆಲವೇ ವಾರಗಳಲ್ಲಿ ಚಿಗುರುವುದನ್ನು ಕಂಡ ಮಕ್ಕಳಿಗೆ ಈ ಕೆಲಸ ಏಕೆ ಮುಗಿಯುವುದಿಲ್ಲವೆಂದು ಬೇರೆ ವಿವರಿಸಬೇಕಿಲ್ಲ. ಹೂ, ಕಾಯಿಗಳನ್ನು ಮುಂಚೆಯೇ ಕಿತ್ತುಬಿಡಿ. ಬೀಜ ಹಕ್ಕಿಗಳ ಮೂಲಕ ಹರಡುತ್ತದೆ.

ಉತ್ತರ 3:
ಒಂದು ಮಾತು ಸೇರಿಸಬಯಸುತ್ತೇನೆ. ಇದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ಒಣಎಲೆಗೆ ಸಣ್ಣದಾಗಿ ಹಚ್ಚುತ್ತಿದ್ದ ತರಗು ಬೆಂಕಿ ದೊಡ್ಡ ಕಿಚ್ಚನ್ನೂ ಲಂಟಾನವನ್ನೂ ತಡೆಯುತ್ತಿತ್ತೆಂದು ಅವರ ಹಿರಿಯರು ಹೇಳುತ್ತಾರೆ. ಕಾನೂನು ಅದನ್ನು ನಿಲ್ಲಿಸಿದೆ. ಬೆಂಕಿಯನ್ನು ಶತ್ರುವೆಂದಷ್ಟೇ ತೋರಿಸಿದರೆ ಮಾದರಿ ಅರ್ಧವಾಗುತ್ತದೆ. ಆ ಹಿರಿಯರ ದನಿಯನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಗುಂಡಿ ಒತ್ತಿದರೆ ಕೇಳುವಂತೆ ಮಾಡಿ.